ಪಂಪ್ ಬಾಡಿಯ ‘ಪ’: ಫೌಂಡ್ರಿಯ ಸರ್ವರ್‌ನಲ್ಲಿ ರೆಡ್‌ಮೈನ್ ಹೂಡಿದ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗದಲ್ಲಿ ಇರುವವನು ನಾನೊಬ್ಬನೇ. ಬೀಡುಕಬ್ಬಿಣ ಎರಕ ಹೊಯ್ದು, ಮಷಿನಿಂಗ್ ಮಾಡಿ, ಪಂಪ್ ಮತ್ತು ಹೈಡ್ರಾಲಿಕ್ ಯಂತ್ರ ತಯಾರಿಸುವವರಿಗೆ ಕೊಡುವುದು ನಮ್ಮ ಉದ್ಯೋಗ. ಹೊಸ ಭಾಗವೊಂದಕ್ಕೆ ಆರ್ಡರ್ ಬಂದರೆ ಅದು ಡ್ರಾಯಿಂಗ್, ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಪ್ರತಿರೂಪ), ಕೋರ್ ಬಾಕ್ಸ್ (ಎರಕದ ಒಳಗಿನ ಟೊಳ್ಳಿಗೆ ಇಡುವ ಮರಳಿನ ಕೋರ್ ಮಾಡುವ ಪೆಟ್ಟಿಗೆ), ಮಾದರಿ ಎರಕ, ಫೆಟ್ಲಿಂಗ್ (ಹೆಚ್ಚುವರಿ ಲೋಹ ತೆಗೆದು ಶುಚಿ ಮಾಡುವುದು), ಮಷಿನಿಂಗ್, ತಪಾಸಣೆ ಎಂದು ಏಳು ಕೈ ದಾಟಬೇಕು. ಎಲ್ಲಿ ನಿಂತಿದೆ ಎಂಬುದು ಒಬ್ಬರ ವಹಿಯಲ್ಲಿ, ಇನ್ನೊಬ್ಬರ ವಾಟ್ಸ್‌ಆ್ಯಪ್‌ನಲ್ಲಿ, ಮತ್ತೊಬ್ಬರ ನೆನಪಿನಲ್ಲಿ ಇರುತ್ತಿತ್ತು. 2024ರ ದೀಪಾವಳಿ ಮುಗಿದ ವಾರ, ತಿದ್ದುಪಡಿಯ ಸಂದೇಶ ಒಬ್ಬರ ಮೊಬೈಲ್‌ನಲ್ಲೇ ಉಳಿದುಹೋಗಿ, ಹಳೆಯ ಪ್ಯಾಟರ್ನ್‌ನಲ್ಲೇ ನಲವತ್ತು ಪಂಪ್ ಬಾಡಿ ಹೊಯ್ದುಬಿಟ್ಟೆವು. ನಲವತ್ತೂ ಒಡೆದು ಮತ್ತೆ ಕುಲುಮೆಗೆ ಹೋದವು. ಅವತ್ತೇ ಮಾಲೀಕರು ನನ್ನನ್ನು ಕರೆದು, “ಎಲ್ಲರಿಗೂ ಕಾಣುವ ಒಂದೇ ವಹಿ ಮಾಡಿಕೊಡಿ. ತಿಂಗಳ ಬಾಡಿಗೆ ಕಟ್ಟುವಂಥದ್ದು ಬೇಡ” ಎಂದರು.

ಮುಕ್ತ ತಂತ್ರಾಂಶವೇ ಆಗಬೇಕು ಎಂದು ನಾನೂ ಅಂದುಕೊಂಡಿದ್ದೆ. ಯಾವ ಕೆಲಸ ಯಾವ ಹಂತದಲ್ಲಿದೆ ಎಂದು ದಾಖಲಿಸುವ ತಂತ್ರಾಂಶಗಳಲ್ಲಿ ಮೊದಲು ಓಪನ್‌ಪ್ರಾಜೆಕ್ಟ್ ನೋಡಿದೆ. ನೋಡಲು ಚೆನ್ನಾಗಿದೆ, ಆದರೆ ಅದು ಕನಿಷ್ಠ 4 ಜಿಬಿ ಮೆಮೊರಿ ಕೇಳುತ್ತದೆ. ನಮ್ಮ ಸರ್ವರ್‌ನಲ್ಲಿ ಇದ್ದದ್ದೇ 4 ಜಿಬಿ, ಅದರಲ್ಲೇ ಹಾಜರಾತಿಯ ತಂತ್ರಾಂಶವೂ ಡ್ರಾಯಿಂಗ್ ಫೈಲುಗಳ ಹಂಚಿಕೆಯೂ ನಡೆಯಬೇಕು. ಹಾಗಾಗಿ ಅದೇ ಬಗೆಯ ರೆಡ್‌ಮೈನ್ ಆರಿಸಿಕೊಂಡೆ. 2006ರಿಂದ ಬಳಕೆಯಲ್ಲಿರುವ ತಂತ್ರಾಂಶ, ರೂಬಿ ಭಾಷೆಯ ‘ರೂಬಿ ಆನ್ ರೇಲ್ಸ್’ ಚೌಕಟ್ಟಿನಲ್ಲಿ ಬರೆದದ್ದು, ಜಿಪಿಎಲ್ ಎಂಬ ಮುಕ್ತ ಪರವಾನಗಿ. ಸಣ್ಣ ಯಂತ್ರದಲ್ಲೂ ಓಡುತ್ತದೆ.

ಸರ್ವರ್‌ನಲ್ಲಿ ಇದ್ದದ್ದು ಸೆಂಟ್‌ಒಎಸ್ 7 ಎಂಬ ಲಿನಕ್ಸ್ ವ್ಯವಸ್ಥೆ. ಮೊದಲ ಸಂಜೆ ಬೇಕಾದ ಪ್ಯಾಕೇಜುಗಳನ್ನು ತರಿಸಲು ‘ಯಮ್’ ಎಂಬ ಅದರ ಆದೇಶ ಕೊಟ್ಟರೆ ಪಟ್ಟಿಯೇ ಸಿಗಲಿಲ್ಲ. ನೆಟ್‌ವರ್ಕ್ ಕೇಬಲ್ ಬದಲಿಸಿದೆ, ರೂಟರ್ ಆರಿಸಿ ಹಚ್ಚಿದೆ. ತಪ್ಪು ಅಲ್ಲಿರಲಿಲ್ಲ. ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿತ್ತು, ಪ್ಯಾಕೇಜುಗಳು ‘ವಾಲ್ಟ್’ ಎಂಬ ಹಳೆಯ ಸಂಗ್ರಹಕ್ಕೆ ಹೋಗಿದ್ದವು. ವಿಳಾಸ ತಿದ್ದಿದ ಮೇಲೆ ಪ್ಯಾಕೇಜುಗಳು ಬಂದವು. ಬೆಂಬಲ ಮುಗಿದ ವ್ಯವಸ್ಥೆಯ ಮೇಲೆ ಹೊಸದೇನನ್ನೂ ಕಟ್ಟಬಾರದು ಎಂದು ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಸೆಂಟ್‌ಒಎಸ್ 7ರ ಸಂಗಡ ಬರುವುದು ರೂಬಿ 2.0. ನಾನು ಇಳಿಸಿಕೊಂಡಿದ್ದ ರೆಡ್‌ಮೈನ್ 5.1ಕ್ಕೆ 2.7ರಿಂದ 3.2ರವರೆಗಿನ ರೂಬಿ ಬೇಕು. ಹಾಗಾಗಿ ರೂಬಿ 3.2ರ ಮೂಲ ಸಂಕೇತವನ್ನೇ ತಂದು ಕಂಪೈಲ್ ಮಾಡಿದೆ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ಬದಲಿಸಿದೆ. ಮುಗಿಯಿತು ಅಂದುಕೊಂಡರೆ ಯಾಮಲ್ (ತಂತ್ರಾಂಶದ ಹೊಂದಿಕೆಗಳನ್ನು ಬರೆದಿಡುವ ಪಠ್ಯ ರೂಪ) ಓದುವ ಭಾಗವೇ ತಯಾರಾಗಿರಲಿಲ್ಲ. 3.2ರಿಂದ ರೂಬಿ ಅದಕ್ಕೆ ಬೇಕಾದ ಲಿಬ್‌ಯಾಮಲ್ ಅನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಕಂಪೈಲ್ ಮಾಡಲು ಬೇಕಾದ ಅದರ ಡೆವೆಲ್ ಪ್ಯಾಕೇಜನ್ನು ನಾವೇ ಮೊದಲು ಹಾಕಿರಬೇಕು. ಹಾಕಿ ಮತ್ತೆ ಮೊದಲಿನಿಂದ ಕಂಪೈಲ್ ಮಾಡಿದೆ. ಮುಂದೆ ಬಂಡಲ್ ಇನ್‌ಸ್ಟಾಲ್ ಹಂತದಲ್ಲಿ, ಅಂದರೆ ‘ಜೆಮ್’ ಎಂಬ ರೂಬಿಯ ಪೂರಕ ತುಣುಕುಗಳನ್ನು ತರಿಸುವಾಗ, ಡೇಟಾಬೇಸಿಗೆ ಕೊಂಡಿಯಾಗುವ ಮೈಎಸ್‌ಕ್ಯೂಎಲ್2 ಜೆಮ್ ಕಟ್ಟಲಾಗಲಿಲ್ಲ ಎಂಬ ದೋಷ. ಪರದೆಯ ಕೊನೆಯ ಸಾಲು ಬರೀ “ವಿಫಲವಾಯಿತು” ಎನ್ನುತ್ತದೆ. ನಾನು ಎರಡು ಸಂಜೆ ಆ ಸಾಲನ್ನೇ ಹಿಡಿದು ಹುಡುಕಿದೆ. ಕಾರಣ ಇದ್ದದ್ದು ಮೂವತ್ತು ಸಾಲು ಮೇಲೆ: ಡೇಟಾಬೇಸಿನ ಹೆಡರ್ ಫೈಲ್ ಸಿಗುತ್ತಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ನಮ್ಮ ಡೇಟಾಬೇಸ್ ಆದ ಮರಿಯಾಡಿಬಿಯ ಡೆವೆಲ್ ಪ್ಯಾಕೇಜ್ ಹಾಕಿದ ಐದು ನಿಮಿಷಕ್ಕೆ ಆ ಹಂತ ದಾಟಿತು. ಡೇಟಾಬೇಸ್ ವಿವರದ ಯಾಮಲ್ ಫೈಲಿನಲ್ಲಿ ಟ್ಯಾಬ್ ಒತ್ತಿದ್ದರಿಂದ ಇನ್ನೊಂದು ತಡೆ ಬಂತು. ಆ ಫೈಲಿನಲ್ಲಿ ಸಾಲುಗಳನ್ನು ಒಳಸರಿಸಲು ಸ್ಪೇಸ್ ಮಾತ್ರ ಬಳಸಬೇಕು.

ಕೊನೆಗೂ ಪುಟ ತೆರೆದುಕೊಂಡಾಗ ರಾತ್ರಿ ಒಂಬತ್ತೂವರೆ. ಮೊದಲ ನಮೂದಾಗಿ “ಪಂಪ್ ಬಾಡಿ ಪ್ಯಾಟರ್ನ್ ತಿದ್ದುಪಡಿ” ಎಂದು ಕನ್ನಡದಲ್ಲಿ ಬರೆದು ಉಳಿಸಲು ಒತ್ತಿದೆ. 500ರ ದೋಷ, ಅಂದರೆ ಸರ್ವರ್‌ನ ಒಳಗೇ ಏನೋ ಕೆಟ್ಟಿದೆ. ಇಂಗ್ಲಿಷಿನಲ್ಲಿ ಬರೆದರೆ ಉಳಿಯುತ್ತದೆ, ಕನ್ನಡದಲ್ಲಿ ಬರೆದರೆ ಇಲ್ಲ.

ನನಗೆ ನಿಜಕ್ಕೂ ನೋವಾದದ್ದು ಇಲ್ಲಿ. ಪ್ಯಾಟರ್ನ್ ವಿಭಾಗದ ಕಾಕಾ ಮೂವತ್ತು ವರ್ಷದಿಂದ ಎಲ್ಲವನ್ನೂ ಕನ್ನಡದಲ್ಲೇ ಬರೆದುಕೊಂಡು ಬಂದವರು, ಮೋಲ್ಡಿಂಗ್‌ನಲ್ಲಿ ಅರ್ಧದಷ್ಟು ಮಂದಿ ಮರಾಠಿಯಲ್ಲಿ ಬರೆಯುವವರು. ಇಂಗ್ಲಿಷ್ ಬಂದವರಿಗೆ ಮಾತ್ರ ತೆರೆದಿರುವ ವಹಿಯಿಂದ ಆ ನಲವತ್ತು ಎರಕಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ದೋಷಗಳು ದಾಖಲಾಗುವ ಲಾಗ್ ತೆರೆದೆ. ವಿಷಯದ ಕಾಲಮ್ಮಿಗೆ ಸರಿಹೊಂದದ ಅಕ್ಷರಮಾಲೆ ಎಂದು ದೂರು, ಅದರ ಮುಂದೆ ಮೂರು ಬೈಟ್‌ಗಳು: ಇ0, ಬಿ2, ಎಎ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಆರಂಭ ಇ0 ಬಿ2 ಅಥವಾ ಇ0 ಬಿ3. ಆ ಮೂರು ಸೇರಿದರೆ ‘ಪ’. ಅಂದರೆ ಪಂಪ್ ಬಾಡಿಯ ಮೊದಲ ಅಕ್ಷರದಲ್ಲೇ ಡೇಟಾಬೇಸ್ ನಿಂತುಬಿಟ್ಟಿತ್ತು. ಸೆಂಟ್‌ಒಎಸ್ 7ರ ಮರಿಯಾಡಿಬಿ 5.5, ನಾವು ಬೇರೆ ಹೇಳದಿದ್ದರೆ, ಲ್ಯಾಟಿನ್1 ಅಕ್ಷರ ಸಮೂಹದಲ್ಲಿ ಕೋಷ್ಟಕ ತಯಾರಿಸುತ್ತದೆ. ಅದರಲ್ಲಿ ಕನ್ನಡಕ್ಕೂ ದೇವನಾಗರಿಗೂ ಜಾಗವಿಲ್ಲ.

ಯುಟಿಎಫ್8ಎಂಬಿ4 (ಅಕ್ಷರಕ್ಕೆ ನಾಲ್ಕು ಬೈಟ್‌ವರೆಗಿನ ಯುಟಿಎಫ್-8) ಎಂದು ಕೊಟ್ಟು ಡೇಟಾಬೇಸನ್ನು ಹೊಸದಾಗಿ ಮಾಡಿದೆ. ಈಗ ಕೋಷ್ಟಕಗಳನ್ನು ತಯಾರಿಸುವ ಮೈಗ್ರೇಷನ್ ಹಂತದಲ್ಲೇ ತಡೆ: ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) 767 ಬೈಟ್‌ನ ಮಿತಿ ಮೀರುತ್ತಿದೆ. ಕಾಗದದ ಮೇಲೆ ಲೆಕ್ಕ ಹಾಕಿದೆ. 255 ಅಕ್ಷರದ ಕಾಲಮ್, ಅಕ್ಷರಕ್ಕೆ ನಾಲ್ಕು ಬೈಟ್ ಎಂದರೆ 1020. ಮೂರು ಬೈಟ್ ಎಂದರೆ 765, ಎರಡು ಬೈಟ್ ಉಳಿಯುತ್ತದೆ! ಹಳೆಯ ಮೂರು ಬೈಟಿನ ಯುಟಿಎಫ್8 ಕೊಟ್ಟೆ. ಎಮೋಜಿ ಹಿಡಿಸುವುದಿಲ್ಲ, ಕನ್ನಡ, ಮರಾಠಿ ಎರಡೂ ಪೂರ್ತಿ ಹಿಡಿಸುತ್ತವೆ. ಡೇಟಾಬೇಸಿನ ಸಾಮಾನ್ಯ ಆಯ್ಕೆಯನ್ನಷ್ಟೇ ತಿದ್ದಿದರೆ ಈಗಾಗಲೇ ಇರುವ ಕೋಷ್ಟಕಗಳು ಬದಲಾಗುವುದಿಲ್ಲ. ನಮ್ಮದು ಖಾಲಿ ಇದ್ದುದರಿಂದ ಅಳಿಸಿಯೇ ಮಾಡಿದೆ. “ಪಂಪ್ ಬಾಡಿ” ಉಳಿಯಿತು.

ಆ ಸಂತೋಷ ಒಂದೂವರೆ ದಿನದ್ದು. ಮರುದಿನ ಮಧ್ಯಾಹ್ನ ಇನ್ನೊಂದು ಜೆಮ್ ಕಂಪೈಲ್ ಮಾಡುತ್ತಿದ್ದಾಗ ಮೆಮೊರಿ ಮುಗಿದು ಡ್ರಾಯಿಂಗ್ ಫೈಲುಗಳ ಹಂಚಿಕೆ ನಿಂತಿತು. ಮಷಿನ್ ಶಾಪಿನಲ್ಲಿ ನಾಲ್ಕು ಜನ ಡ್ರಾಯಿಂಗ್ ಇಲ್ಲದೆ ಕಾದು ನಿಂತರು. ನಾನು ಮಾಲೀಕರ ಬಳಿ ಹೋಗಿ ಆದದ್ದನ್ನು ಆದ ಹಾಗೆ ಹೇಳಿದೆ: ಈ ಸರ್ವರ್ ಮುಟ್ಟುವುದಿಲ್ಲ, ಬೇರೆ ಯಂತ್ರ ಕೊಡಿ. ಲೆಕ್ಕಪತ್ರ ವಿಭಾಗದಲ್ಲಿ ಮೂಲೆಗೆ ಸೇರಿದ್ದ 8 ಜಿಬಿಯ ಡೆಸ್ಕ್‌ಟಾಪ್ ಸಿಕ್ಕಿತು. ಕಾರ್ಖಾನೆಯ ಅನ್ನ ದುಡಿಯುತ್ತಿರುವ ಯಂತ್ರದ ಮೇಲೆ ಪ್ರಯೋಗ ಬೇಡ ಎಂಬುದು ಈಗ ನನ್ನ ಕಟ್ಟುನಿಟ್ಟಿನ ನಿಯಮ.

ಸಂಕ್ರಾಂತಿ ಮುಗಿಸಿಕೊಂಡು ಬಂದು ಆ ಡೆಸ್ಕ್‌ಟಾಪಿನಲ್ಲಿ ಉಬುಂಟು 22.04 ಹಾಕಿದೆ. ಅದರ ರೂಬಿ 3.0 ರೆಡ್‌ಮೈನ್ 5.1ಕ್ಕೆ ನೇರವಾಗಿ ಹೊಂದುತ್ತದೆ, ಕಂಪೈಲ್ ಮಾಡುವ ಕಷ್ಟವಿಲ್ಲ. ಮರಿಯಾಡಿಬಿ 10.6, ಯುಟಿಎಫ್8ಎಂಬಿ4 ತಾನಾಗಿಯೇ ಇದೆ, 767ರ ಮಿತಿಯೂ ಅಡ್ಡ ಬರಲಿಲ್ಲ. ಎಲ್ಲವೂ ಒಂದು ಗಂಟೆಯಲ್ಲಿ ಮುಗಿಯಬೇಕಿತ್ತು. ಆದರೆ ರೇಲ್ಸ್ ಏಳಲೇ ಇಲ್ಲ: ಲಾಗ್ ಬರೆಯುವ ‘ಲಾಗರ್’ ಎಂಬ ಹೆಸರು ಗೊತ್ತಿಲ್ಲ ಎಂದಿತು. ವಾರದ ಹಿಂದೆ ಹಳೆಯ ಸರ್ವರ್‌ನಲ್ಲಿ ಎದ್ದಿದ್ದ ಅದೇ ರೆಡ್‌ಮೈನ್, ಅದೇ ಜಿಪ್ ಫೈಲ್!

ರೂಬಿಯ ಆವೃತ್ತಿಯನ್ನು ಅನುಮಾನಿಸಿ ಒಂದು ದಿನ ಕಳೆದೆ. ಆಮೇಲೆ ಎರಡೂ ಯಂತ್ರಗಳಲ್ಲಿ ಹಾಕಿರುವ ಜೆಮ್‌ಗಳ ಆವೃತ್ತಿ ಬರೆದಿರುವ ಜೆಮ್‌ಫೈಲ್ ಲಾಕ್ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿದೆ. ವ್ಯತ್ಯಾಸ ಕಂಡಿತು: ಕನ್‌ಕರೆಂಟ್-ರೂಬಿ ಎಂಬ ಜೆಮ್ ಅಲ್ಲಿ 1.3.4, ಇಲ್ಲಿ 1.3.5. ಆ ಹೊಸ ಆವೃತ್ತಿ 2025ರ ಜನವರಿಯಲ್ಲೇ ಬಂದದ್ದು. ಹಿಂದಿನ ಆವೃತ್ತಿ ಲಾಗರ್ ಅನ್ನು ತಾನೇ ಕರೆಸಿಕೊಳ್ಳುತ್ತಿತ್ತು, ಹಳೆಯ ರೇಲ್ಸ್ ತಿಳಿಯದೆಯೇ ಅದನ್ನು ನೆಚ್ಚಿಕೊಂಡಿತ್ತು. ಹೊಸತರಲ್ಲಿ ಆ ಸಾಲು ಇಲ್ಲ. ರೆಡ್‌ಮೈನ್ ತನ್ನ ಜಿಪ್‌ನಲ್ಲಿ ಲಾಕ್ ಪಟ್ಟಿ ಕೊಡುವುದಿಲ್ಲ, ಹಾಕುವ ದಿನ ಸಿಗುವ ಆವೃತ್ತಿಗಳಿಂದ ಅದು ತಯಾರಾಗುತ್ತದೆ. ಜೆಮ್‌ಫೈಲ್ ಲೋಕಲ್ ಎಂಬ ಫೈಲಿನಲ್ಲಿ 1.3.4 ಎಂದು ಒಂದು ಸಾಲು ಬರೆದು ಮತ್ತೆ ಬಂಡಲ್ ಮಾಡಿದೆ, ಎದ್ದಿತು. ಓಡುತ್ತಿರುವ ಯಂತ್ರದ ಲಾಕ್ ಪಟ್ಟಿಯನ್ನು ಅಂದಿನಿಂದ ಡೇಟಾಬೇಸ್ ಬ್ಯಾಕಪ್‌ನ ಜೊತೆಗೇ ಇಡುತ್ತಿದ್ದೇನೆ.

ಉಳಿದವು ಬೇಗ ಮುಗಿದವು. ಮೊದಲ ಲಾಗಿನ್‌ನ ಹೆಸರು, ಗುಪ್ತಪದ ಎರಡೂ ‘ಅಡ್ಮಿನ್’ ಆಗಿರುವುದರಿಂದ ಅದನ್ನು ಕೂಡಲೇ ಬದಲಿಸಿದೆ. ಲಗತ್ತುಗಳು ಉಳಿಯುವ ಫೈಲ್ಸ್ ಫೋಲ್ಡರ್ ರೂಟ್ (ಯಂತ್ರದ ಮುಖ್ಯ ಬಳಕೆದಾರ) ಹೆಸರಿನಲ್ಲಿ ಉಳಿದು ಡ್ರಾಯಿಂಗ್ ಲಗತ್ತಿಸಲು ಆಗುತ್ತಿರಲಿಲ್ಲ, ಒಡೆತನ ಬದಲಿಸಿದೆ. ಕಾರ್ಖಾನೆಯ ಒಳಗಿನ ನೆಟ್‌ವರ್ಕ್ ಬಿಟ್ಟು ಹೊರಗಿನಿಂದ ಯಾರಿಗೂ ತೆರೆಯಲಿಲ್ಲ. ಪಿಡಿಎಫ್ ಮಾಡಿಸಿದರೆ ಒತ್ತಕ್ಷರಗಳು ಕಳಚಿಬಿದ್ದವು, ಹಾಗಾಗಿ ಬ್ರೌಸರ್‌ನಿಂದಲೇ ಮುದ್ರಿಸುತ್ತೇವೆ. ಬ್ಯಾಕಪ್ ಎಂದರೆ ಡೇಟಾಬೇಸ್ ಪ್ರತಿ ಮಾತ್ರ ಸಾಲದು, ಫೈಲ್ಸ್ ಫೋಲ್ಡರ್ ಸೇರಿಸಿಯೇ ತೆಗೆಯಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಪೂರ್ತಿ ಮರುಸ್ಥಾಪಿಸಿ, ಡ್ರಾಯಿಂಗ್ ತೆರೆಯುತ್ತದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಎಲ್ಲರನ್ನೂ ಒಳಗೆ ಕರೆದೆ.

ಕೆಲಸದ ಸ್ಥಿತಿಗಳ ಹೆಸರುಗಳನ್ನು ನಾನೊಬ್ಬನೇ ಇಡಲಿಲ್ಲ. ಕಾಕಾ ಅವರ ಪಕ್ಕ ಕೂತು ಅವರ ವಹಿಯನ್ನೇ ನೋಡಿಕೊಂಡು ಬರೆದೆ: ಪ್ಯಾಟರ್ನ್ ಬಂತು, ಕೋರ್ ತಯಾರು, ಮಾದರಿ ಹೊಯ್ದಿದೆ, ತಪಾಸಣೆಯಲ್ಲಿ, ತಡೆದಿದೆ. ‘ತಡೆದಿದೆ’ ಎಂಬುದನ್ನು ಸೇರಿಸಿ ಎಂದು ಹಟ ಹಿಡಿದವರು ಅವರೇ. “ಕೆಲಸ ನಡೆದಿದೆ ಎಂದು ಎಲ್ಲರೂ ಬರೆಯುತ್ತಾರೆ. ನಿಲ್ಲಿಸಿ ಎಂದು ಬರೆಯಲು ಜಾಗ ಬೇಕಲ್ಲ, ತಮ್ಮಾ” ಎಂದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನು ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ನಿಂತಿದ್ದಾಗ ಮೊಬೈಲ್‌ಗೆ ಕಾರ್ಖಾನೆಯಿಂದ ಕರೆ ಬಂತು. ಕುಲುಮೆಯ ಮೇಲ್ವಿಚಾರಕರು, ಪಂಪ್ ಬಾಡಿಯ ಸಾಲು ‘ತಡೆದಿದೆ’ ಎಂದು ಕೆಂಪಾಗಿದೆ, ಏನು ಮಾಡಲಿ ಎಂದು ಕೇಳಿದರು. ಅದರ ಕೆಳಗೆ ಏನು ಬರೆದಿದೆ ಓದಿ ಎಂದೆ. ಕಾಕಾ 6.50ಕ್ಕೆ ಬರೆದಿದ್ದರಂತೆ: “ಕೋರ್ ಇನ್ನೂ ಹಸಿ ಇದೆ. ಇವತ್ತು ಹೊಯ್ಯಬೇಡಿ.” ಹಾಗಾದರೆ ಹೊಯ್ಯಬೇಡಿ ಎಂದೆ. ಅಷ್ಟರಲ್ಲಿ ಗೇಟು ತೆರೆಯಿತು.