ಅಂಗನವಾಡಿ ಕೋಣೆ: ಮಕ್ಕಳನ್ನು ಬೈಯೋ ಮೊದಲು ಜಾಗ ಸರಿ ಮಾಡಿ

ಮಕ್ಕಳು ಕೂತಲ್ಲಿ ಕೂರಲ್ಲ ಅಂತ ಬೈಯೋ ಮೊದಲು ನೀವೇ ಒಮ್ಮೆ ನೆಲದ ಮೇಲೆ ಕೂತು ಕೋಣೆ ನೋಡಿ. ಚಾರ್ಟುಗಳೆಲ್ಲ ನಮ್ಮ ಎತ್ತರಕ್ಕಿವೆ, ಆಟಿಕೆಗಳು ಬೀರುವಿನೊಳಗೆ ಬೀಗದಲ್ಲಿವೆ, ಅಲ್ವಾ? (ಮೇಲ್ವಿಚಾರಕಿ ಬಂದ ದಿನ ಮಾತ್ರ ಅವುಗಳಿಗೆ ಬಿಡುಗಡೆ!) ಚಿತ್ರಗಳನ್ನು 3 ಅಡಿಗೆ ಇಳಿಸಿ. ಆಟಿಕೆಗಳನ್ನು ಕೈಗೆಟಕುವ ಬುಟ್ಟಿಗಳಲ್ಲಿಟ್ಟು, ಒಳಗೇನಿದೆಯೋ ಅದರ ಚಿತ್ರವನ್ನು ಬುಟ್ಟಿ ಮೇಲೆ ಅಂಟಿಸಿದರೆ ಓದೋಕೆ ಬಾರದ ಮಗುವೂ ಆಟ ಮುಗಿದ ಮೇಲೆ ತಾನೇ ಎತ್ತಿಡುತ್ತದೆ.

1975ರಲ್ಲಿ ಐಸಿಡಿಎಸ್ (ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗಿನಿಂದಲೂ ಶಾಲಾಪೂರ್ವ ಶಿಕ್ಷಣ ಅಂಗನವಾಡಿಯ ಕೆಲಸವೇ, ಬರೀ ಊಟ ಬಡಿಸೋದಲ್ಲ. ಹಾಗಂತ 3 ವರ್ಷದ ಮಗುವಿನ ಕೈಗೆ ಬಳಪ ಕೊಟ್ಟು ಅ ಆ ತಿದ್ದಿಸಬೇಡಿ. ಬೆರಳಿಗೆ ಇನ್ನೂ ಹಿಡಿತ ಬಂದಿರಲ್ಲ. ಜೇಡಿಮಣ್ಣಿನ ಉಂಡೆ ಮಾಡಿಸಿ. ದೊಡ್ಡ ಮಕ್ಕಳಿಗೆ ಹುಣಸೆ ಬೀಜ ಎಣಿಸಲು ಕೊಡಿ, ಆದರೆ ಮೂಗಿಗೆ ತುರುಕಿಕೊಳ್ಳದಂತೆ ಪಕ್ಕದಲ್ಲೇ ಇರಿ.

ಗಲಾಟೆ ಜಾಸ್ತಿಯಾಗೋದು ಆಟ ಬಿಟ್ಟು ಊಟಕ್ಕೆ ಏಳುವ ಹೊತ್ತಿನಲ್ಲಿ. "ಎಲ್ಲರೂ ಏಳಿ" ಅಂದರೆ 25 ಮಕ್ಕಳೂ ಒಂದೇ ನಲ್ಲಿಗೆ ನುಗ್ಗುತ್ತಾರೆ, ಯಾರಾದರೂ ಬಿದ್ದು ಅಳು ಶುರು. "ಕೆಂಪು ಬಟ್ಟೆಯವರು ಬೆಕ್ಕಿನ ಥರ ಸದ್ದಿಲ್ಲದೆ ಹೋಗಿ ಕೈ ತೊಳೀರಿ" ಅನ್ನಿ, ಆಮೇಲೆ ನೀಲಿ, ಹಳದಿ. ಬಣ್ಣದ ಪಾಠವೂ ಆಯ್ತು. ಉಳಿದವರನ್ನು ಸುಮ್ನೆ ಕಾಯಿಸಬೇಡಿ, ಚಪ್ಪಾಳೆ ಹಾಡು ಹೇಳಿಸುತ್ತಿರಿ. "ಓಡಬೇಡ" ಬದಲು "ನಿಧಾನಕ್ಕೆ ನಡಿ ಪುಟ್ಟಾ" ಅನ್ನಿ. ಏನು ಮಾಡಬೇಕು ಅನ್ನೋದು ಮಗುವಿಗೆ ತಕ್ಷಣ ಗೊತ್ತಾಗುತ್ತದೆ.