ಸಿಂಬಲ್ ಬೇರೆ, ಡ್ರಮ್ಸ್ ಬೇರೆ

ನನ್ನ ಸ್ಟುಡಿಯೋ ಅಂದ್ರೆ 10 ಅಡಿಗೆ 10 ಅಡಿಯ ರೂಮು, ಚಾವಣಿಯೂ ತಗ್ಗು. ಅಲ್ಲಿ ಡ್ರಮ್ಸ್ ರೆಕಾರ್ಡ್ ಮಾಡುವಾಗ ಸ್ನೇರ್ (ಕೆಳಗೆ ತಂತಿ ಇರುವ ಡ್ರಮ್) ಮೈಕಿನಲ್ಲಿ ಸ್ನೇರ್‌ಗಿಂತ ಹೈಹ್ಯಾಟೇ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್, ಅಂದ್ರೆ ಲೋಹದ ತಟ್ಟೆ) ಜಾಸ್ತಿ ಕೇಳುತ್ತಿತ್ತು. ದೊಡ್ಡ ಸದ್ದು ತಗ್ಗಿಸಿ ಸಣ್ಣದನ್ನು ಎತ್ತುವ ಕಂಪ್ರೆಸರ್ ಸ್ವಲ್ಪ ಹಾಕಿದರೆ ಸಾಕು, ಅದು ಇನ್ನೂ ಮುಖಕ್ಕೆ ರಾಚುತ್ತಿತ್ತು. ಮೈಕ್ ತಿರುಗಿಸಿದೆ, ಸಣ್ಣ ಸದ್ದನ್ನು ತಡೆಯುವ ಗೇಟ್ ಹಾಕಿದೆ. ಊಹೂಂ.

ಕೊನೆಗೆ ಡ್ರಮ್ಸು, ಸಿಂಬಲ್ ಎರಡನ್ನೂ ಬೇರೆ ಬೇರೆ ರೆಕಾರ್ಡ್ ಮಾಡೋಣ ಅಂತ ಸಿಂಬಲ್‌ಗಳನ್ನೆಲ್ಲ ಬಿಚ್ಚಿಟ್ಟು ಬರೀ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಸ್ನೇರ್, ಟಾಮ್ ಡ್ರಮ್ ನುಡಿಸಿದೆ. ಎಡವಟ್ಟಾಯಿತು. ಕ್ರ್ಯಾಶ್ ಸಿಂಬಲ್ ಇದ್ದ ಕಡೆ ಕೈ ಸುಮ್ನೆ ಗಾಳಿಯಲ್ಲಿ ಬೀಸಿ, ಮುಂದಿನ ಏಟು ಬೇಗ ಬೀಳುತ್ತಿತ್ತು. ಹೈಹ್ಯಾಟ್ ಇಲ್ಲದೆ ಲಯವೇ ಕುಂಟಿತು. ಅದಕ್ಕೇ ಹಳೇ ಮೌಸ್ ಪ್ಯಾಡ್‌ಗಳಿಗೆ ತೂತು ಕೊರೆದು ಸಿಂಬಲ್ ಸ್ಟ್ಯಾಂಡ್‌ಗಳಿಗೆ ಸಿಕ್ಕಿಸಿದೆ. ಸ್ಟಿಕ್ಕಿಗೆ ತಾಗಲು ಏನಾದರೂ ಇದ್ದರೆ ಸಾಕು, ಕೈ ನಂಬಿಬಿಡುತ್ತದೆ!

ಎರಡನೇ ಸುತ್ತಿನಲ್ಲಿ ಆ ಡ್ರಮ್ಸನ್ನೇ ಹೆಡ್‌ಫೋನಿನಲ್ಲಿ ಕೇಳುತ್ತಾ ಸಿಂಬಲ್ ನುಡಿಸಿದೆ. ಸ್ನೇರನ್ನು ರೂಮಿನಿಂದಲೇ ಹೊರಗಿಟ್ಟೆ, ಇಲ್ಲದಿದ್ದರೆ ಅದರ ಕೆಳಗಿನ ತಂತಿ ಝರ್ರೆನ್ನುತ್ತದೆ. ಅದರ ಜಾಗಕ್ಕೆ ದಿಂಬು. ಬಾಗಿಲಲ್ಲಿ ನಿಂತ ಅಮ್ಮ, "ದಿಂಬಿಗೆ ಯಾಕೋ ಹೊಡೀತಿದ್ದೀಯ?" ಅಂದರು. ಆ ಟೇಕ್ ಹೋಯಿತು.

ಒಂದೆರಡು ಕ್ರ್ಯಾಶ್ ಕಿಕ್‌ಗಿಂತ ತಡವಾಗಿ ಬಿದ್ದಿದ್ದವು, ಕಂಪ್ಯೂಟರಿನಲ್ಲಿ ಚೂರು ಹಿಂದಕ್ಕೆ ಎಳೆದೆ. ಈಗ ಸ್ನೇರನ್ನು ಎಷ್ಟು ಏರಿಸಿದರೂ ಹೈಹ್ಯಾಟ್ ಕಾಟವಿಲ್ಲ. ಜಾಝ್ ತರಹದ ಹಾಡಿಗೆ ಮಾತ್ರ ಹೀಗೆ ಮಾಡಲಾರೆ, ಅಲ್ಲಿ ರೈಡ್ ಸಿಂಬಲ್ಲೂ ಸ್ನೇರೂ ಮಾತಾಡಿಕೊಳ್ಳಬೇಕು ಅಲ್ವಾ.