ಪ್ಯಾಕೆಟ್ಟಿನ ಹಿಂಬದಿ ಓದುವುದು ಹೇಗೆ?

ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ನೋಡುವ ಅಪ್ಪ-ಅಮ್ಮಂದಿರು ಈಗ ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಆದರೆ ಬಹಳ ಮಂದಿ ಎಕ್ಸ್‌ಪೈರಿ ಡೇಟ್ ನೋಡಿ ಬುಟ್ಟಿಗೆ ಹಾಕಿಬಿಡುತ್ತಾರೆ. ಹೈಸ್ಕೂಲು, ಪಿಯುಸಿ ಮಕ್ಕಳಿರುವ ಮನೆಗೆ ಅಷ್ಟು ಸಾಲದು.

ಮೊದಲು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಓದುವುದು ಅವರೇ ಆಗಬೇಕು.

ಎರಡನೆಯದು, ಪ್ಯಾಕೆಟ್ಟಿನ ಮುಂಭಾಗ ನಂಬಬೇಡಿ. ಹಿಂದಿರುವ ಪದಾರ್ಥಗಳ ಪಟ್ಟಿ ನೋಡಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದರ ಹೆಸರು ಮೊದಲು ಇರಬೇಕು, ಅದು ನಿಯಮ. ರಾಗಿ ಬಿಸ್ಕತ್ತು ಅಂತ ತಂದದ್ದರಲ್ಲಿ ಮೊದಲ ಹೆಸರು 'ರಿಫೈನ್ಡ್ ವೀಟ್ ಫ್ಲೋರ್' ಅಂತಿದ್ದರೆ ಅದು ಮೈದಾ ಬಿಸ್ಕತ್ತೇ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಲ್ಲವೂ ಸಕ್ಕರೆಯ ಬಳಗ.

ಎಲ್ಲರೂ ಎಡವುವುದು ಮೂರನೆಯದರಲ್ಲಿ, ಅಂದರೆ ಲೆಕ್ಕದಲ್ಲಿ. 'ಪರ್ ಸರ್ವ್' ಅನ್ನುವುದು ಒಂದು ಸಲಕ್ಕೆ ಇಷ್ಟು ತಿನ್ನುತ್ತಾರೆ ಅಂತ ಕಂಪನಿ ಇಟ್ಟ ಅಳತೆ. ಅದು ಎರಡು-ಮೂರು ಬಿಸ್ಕತ್ತು ಇರಬಹುದು. ಹದಿನೈದರ ಹುಡುಗ ಅಷ್ಟಕ್ಕೆ ನಿಲ್ಲಿಸುವುದಿಲ್ಲ, ಅಲ್ವಾ? ಅದಕ್ಕೇ 100 ಗ್ರಾಂ ಲೆಕ್ಕ ಹಿಡಿಯಿರಿ, ಅವನು ನಿಜವಾಗಿ ತಿನ್ನುವ ತೂಕಕ್ಕೆ ಗುಣಿಸಿ, 100ರಿಂದ ಭಾಗಿಸಿ. ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10.5 ಗ್ರಾಂ ಸಕ್ಕರೆ ಇರುತ್ತದೆ. 250 ಮಿ.ಲೀ. ಬಾಟಲಿಗೆ 26 ಗ್ರಾಂ ಆಯಿತು. ಒಂದು ಟೀ ಚಮಚ ಸಕ್ಕರೆ 4 ಗ್ರಾಂ. ಅಲ್ಲಿಗೆ ಆರೂವರೆ ಚಮಚ! ಬಾಯಲ್ಲಿ ಹೇಳಬೇಡಿ, ಖಾಲಿ ಲೋಟಕ್ಕೆ ಅವರ ಕೈಯಲ್ಲೇ ಅಳೆದು ಹಾಕಿಸಿ. ನನ್ನ ಮಗಳು ನಾಲ್ಕನೇ ಚಮಚಕ್ಕೆ ಕೈ ತಡೆದು, ಬಾಟಲಿ ಎತ್ತಿ ಮತ್ತೊಮ್ಮೆ ಓದಿದಳು.

ಉಪ್ಪಿನದು ಇನ್ನೂ ಮೋಸ. ಅಲ್ಲಿ ಬರೆಯುವುದು ಸೋಡಿಯಂ ಅಂತ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯ ಸಾರು, ಉಪ್ಪಿನಕಾಯಿ ಬೇರೆ ಇದೆ.

ಆಮೇಲೆ ಬದಲಿ ತಿಂಡಿ. ಸುಮ್ನೆ 'ತಿನ್ಬೇಡ' ಅಂದರೆ ಹಸಿವು ಹೋಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಚಿಪ್ಸ್ ಹೊಟ್ಟೆ ತುಂಬಿಸುತ್ತದೆ, ಕಬ್ಬಿಣಾಂಶ ಕೊಡುವುದಿಲ್ಲ. ಮೊಳಕೆ ಹೆಸರುಕಾಳಿನ ಉಸಲಿಗೆ ನಿಂಬೆಹಣ್ಣು ಹಿಂಡಿ ಕೊಡಿ. ಹುಳಿ ಸೇರಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಟೀ, ಕಾಫಿ ಒಂದು ಗಂಟೆ ಬಿಟ್ಟು.

ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿ ನಾನಂತೂ ತರುವುದಿಲ್ಲ. ಅಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ 2024ರಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು. ಅದರ ಬದಲು ಎರಡು ಚಮಚ ರಾಗಿ ಹುರಿಹಿಟ್ಟು, ಚೂರು ಬೆಲ್ಲ. ಬಿಸಿ ಹಾಲು ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ತಣ್ಣನೆ ಹಾಲಿನಲ್ಲಿ ಕಲಸಿಕೊಳ್ಳಿ.